ಕೋಡಿಯ ಮೇಲಿನ ಚೀಲಗಳು

ಬೇಕರಿ ಅಕ್ಕ ಅಂದರೆ ಕೆಳಗಿನ ಬೀದಿಯಲ್ಲಿ ಗೊತ್ತಿಲ್ಲದವರಿಲ್ಲ. ಅಂಗಡಿ ಅವಳ ಮಾವನ ಕಾಲದ್ದು, ಭಟ್ಟಿಯ ಮುಂದೆ ನಿಂತು ಬೆವರು ಸುರಿಸುವವನು ಅವಳ ಗಂಡ, ಆದರೆ ಹೆಸರು ಮಾತ್ರ ಅವಳದು. ನಿನ್ನೆಯ ಬನ್ನನ್ನು ಇವತ್ತಿನದು ಅಂತ ಮಾರುವವಳಲ್ಲ. ಹಾಗಂತ ಚೌಕಾಸಿಗೆ ನಿಂತವರನ್ನು ಸುಮ್ಮನೆ ಬಿಡುವವಳೂ ಅಲ್ಲ. "ಬೇಯಿಸೋದು ನಾನು, ಹುರಿಯೋದು ಇವಳು" ಅಂತ ಗಂಡ ಗಿರಾಕಿಗಳ ಮುಂದೆ ನಗುತ್ತಿದ್ದ.

ಕೆಳಗಿನ ಬೀದಿ ಅನ್ನುವ ಹೆಸರು ಸುಮ್ಮನೆ ಬಂದದ್ದಲ್ಲ. ಅದರ ಕೊನೆಗೆ ನಿಂತು ತಲೆಯೆತ್ತಿದರೆ ಕೆರೆಯ ಏರಿ ಕಾಣುತ್ತದೆ, ಹುಲ್ಲು ಹೊದ್ದ ಉದ್ದನೆಯ ಮಣ್ಣಿನ ಗೋಡೆ. ಅದರಾಚೆ ಕೆರೆ. ಕೆರೆಯ ನೀರು ಕಾಲುವೆ ಹಿಡಿದು, ದಿಬ್ಬ ಬಳಸಿ, ಬಯಲಿನ ಗದ್ದೆಗಳಿಗೆ ಹೋಗುತ್ತದೆಯೇ ಹೊರತು ಬೀದಿಗೆ ಒಂದು ಹನಿಯೂ ಬರುವುದಿಲ್ಲ. ಬೀದಿಗೆ ಬರುವುದು ಹೆಚ್ಚಾದ ನೀರು ಮಾತ್ರ. ಕೆರೆ ತುಂಬಿದಾಗ ಏರಿಯ ಒಂದು ತುದಿಯಲ್ಲಿರುವ ಕೋಡಿಯಿಂದ ಅದು ಹೊರಬಿದ್ದು, ಬೀದಿಯ ಹಿಂದಿನ ಹಳ್ಳ ಸೇರುತ್ತದೆ.

ಅಕ್ಕ ಹುಟ್ಟಿದ್ದು ಬಯಲಿನಲ್ಲಿ, ಮದುವೆಯಾಗಿ ಬಂದದ್ದು ಬೀದಿಗೆ. ಬಯಲಿನ ರೈತ ಸಂಘದ ಅಧ್ಯಕ್ಷ ಅವಳ ಒಬ್ಬನೇ ತಮ್ಮ.

ಒಂದು ಬೆಳಿಗ್ಗೆ ನೀರಾವರಿ ಇಲಾಖೆಯ ಎಂಜಿನಿಯರ್ ಅಂಗಡಿಯೊಳಕ್ಕೆ ಬಂದಳು. ಹೊಸದಾಗಿ ವರ್ಗವಾಗಿ ಬಂದ ಹುಡುಗಿ, ಬೂಟಿನ ತುಂಬ ಏರಿಯ ಕೆಸರು. ಹೊರಗೆ ಮೂರು ಕಾಲಿನ ದುರ್ಬೀನಿನ ಹಿಂದೆ ಅವಳ ಸಹಾಯಕ ನಿಂತು ಕೈ ಮೇಲೆತ್ತು, ಇಳಿಸು ಅಂತ ಸನ್ನೆ ಮಾಡುತ್ತಿದ್ದ. ಇವಳು ಕುರ್ಚಿ ಹತ್ತಿ, ಕೇಕಿನ ಗಾಜಿನ ಕಪಾಟಿಗಿಂತ ಮೇಲೆ, ಗಡಿಯಾರದ ಪಕ್ಕದಲ್ಲಿ, ಕೆಂಪು ಬಣ್ಣದಿಂದ ಒಂದು ಗೆರೆ ಎಳೆದಳು.

"ಏನಮ್ಮಾ ಇದು? ಹೇಳದೆ ಕೇಳದೆ ಗೋಡೆಗೆ ಬಣ್ಣ ಬಳೀತಿದ್ದೀರಿ?" ಅಂದಳು ಅಕ್ಕ.

"ನೋಟೀಸು ಕಳಿಸಿದ್ವಲ್ಲ. ಏರಿ ಒಡೆದರೆ ನೀರು ಇಲ್ಲಿವರೆಗೆ ಬರುತ್ತೆ."

ಅಕ್ಕ ತಲೆಯೆತ್ತಿ ನೋಡಿದಳು. ಕೈ ಚಾಚಿದರೂ ಗೆರೆ ಸಿಗುತ್ತಿರಲಿಲ್ಲ. ಗಿರಾಕಿಗಳೆಲ್ಲ ಅವಳನ್ನೇ ನೋಡುತ್ತಿದ್ದರು. "ಏರಿ ಯಾಕೆ ಒಡೆಯುತ್ತೆ? ನಮ್ಮಜ್ಜನ ಕಾಲದಿಂದ ನಿಂತಿದೆ" ಅಂದಳು.

ಎಂಜಿನಿಯರ್ ಕುರ್ಚಿಯಿಂದಿಳಿದು ಬಿಡಿಸಿ ಹೇಳಿದಳು. ಕೋಡಿ ಕಟ್ಟಿದವರು ಅವರ ಕಾಲದ ಮಳೆ ನೋಡಿ ಕಟ್ಟಿದರು. ಈಗಿನ ಮಳೆ ಹಾಗಿಲ್ಲ. ಒಂದು ತಿಂಗಳಲ್ಲಿ ಬೀಳಬೇಕಾದ್ದು ಒಂದೇ ದಿನ ಬಿದ್ದರೆ ಆ ಸಣ್ಣ ಬಾಯಿಂದ ನೀರು ಹೊರಗೆ ಹೋಗಲಾರದು. ಕೆರೆ ಏರುತ್ತದೆ, ಏರಿಯನ್ನು ದಾಟುತ್ತದೆ. "ಕೋಡಿ ಕಲ್ಲಿನದು, ಅದರ ಮೇಲೆ ಎಷ್ಟು ನೀರು ಹೋದರೂ ತಡೆಯುತ್ತೆ. ಏರಿ ಮಣ್ಣಿನದು. ಅದರ ಮೇಲೆ ನೀರು ಹತ್ತಿತು ಅಂದ್ರೆ ಚಹಾದಲ್ಲಿ ಅದ್ದಿದ ನಿಮ್ಮ ರಸ್ಕಿನ ಹಾಗೆ."

"ಮತ್ತೆ ಸರಿ ಮಾಡಿ. ನಮ್ಮ ಗೋಡೆಗೆ ಯಾಕೆ ಬಳೀತೀರಿ?"

"ನಕ್ಷೆ ತಯಾರಿದೆ. ಕೋಡಿ ಅಗಲ ಮಾಡ್ಬೇಕು, ಗೇಟು ಕೂರಿಸ್ಬೇಕು, ಏರಿ ಎತ್ತರಿಸ್ಬೇಕು. ಅದಕ್ಕೆ ಒಂದು ಬೆಳೆಗಾಲ ಪೂರ್ತಿ ಕೆರೆ ಖಾಲಿ ಇರಬೇಕು. ಬಯಲಿನ ಸಂಘ ಒಪ್ಪಲ್ಲ ಅಂತಿದೆ. ಪ್ರತಿ ವರ್ಷ ಮುಂದಿನ ವರ್ಷ ನೋಡೋಣ ಅಂತಾರೆ." ಹುಡುಗಿ ಬ್ರಷ್ಷನ್ನು ಡಬ್ಬಿಯೊಳಗೆ ಹಾಕಿದಳು. "ಅಧ್ಯಕ್ಷರು ನಿಮ್ಮ ತಮ್ಮ ತಾನೇ?"

ಅವತ್ತು ಮಧ್ಯಾಹ್ನವೇ ಅಕ್ಕ ಒಂದು ಚೀಲ ರಸ್ಕು ಕಟ್ಟಿಕೊಂಡು ತವರಿಗೆ ಹೊರಟಳು. ತಮ್ಮ ಅಂಗಳದಲ್ಲಿ ಔಷಧಿ ಹೊಡೆಯುವ ಪಂಪು ಬಿಚ್ಚಿ ಹರಡಿಕೊಂಡು ಕೂತಿದ್ದ. ಅಮ್ಮ ಜಗಲಿಯ ಮೇಲೆ ಬೀಜ ಆರಿಸುತ್ತಿದ್ದಳು. ಅಕ್ಕ ಸುತ್ತಿ ಬಳಸಿ ಮಾತಾಡುವವಳಲ್ಲ, ಚಪ್ಪಲಿ ಬಿಡುವ ಮೊದಲೇ ವಿಷಯ ಎತ್ತಿದಳು.

"ಆ ಹುಡುಗಿ ನಿನ್ನ ಗೋಡೆಗೂ ಬಳಿದಳಾ?" ಅಂತ ತಮ್ಮ ನಕ್ಕ. "ಹೆದರಿಸೋದೇ ಅವರ ಕೆಲಸ ಅಕ್ಕಾ. ಕೆಲಸ ಶುರುವಾದ್ರೆ ಗುತ್ತಿಗೆದಾರರಿಗೆ ಹಬ್ಬ."

"ನನ್ನ ತಲೆಗಿಂತ ಮೇಲೆ ಬಳಿದಿದ್ದಾಳೆ ಕಣೋ. ಒಂದು ಬೆಳೆ ಬಿಡೋಕಾಗಲ್ವಾ ನಿಮಗೆ?"

ತಮ್ಮನ ನಗು ನಿಂತಿತು. "ಒಂದು ಬೆಳೆ! ನೀನು ಒಂದು ದಿನ ಅಂಗಡಿ ಮುಚ್ಚಿದ್ರೆ ಮಾರನೇ ದಿನ ತೆಗೀಬಹುದು. ಒಂದು ಬೆಳೆ ಹೋಯ್ತು ಅಂದ್ರೆ ಒಂದು ವರ್ಷ ಹೋಯ್ತು. ದನಕ್ಕೆ ಮೇವಿಲ್ಲ, ಆಳುಗಳು ಬೇರೆ ಕಡೆ ಹೊರಟು ಹೋಗ್ತಾರೆ, ಬಿತ್ತನೆ ಬೀಜ ಇಲ್ಲ. ಸಣ್ಣ ರೈತರು ಹೊಲ ಬಿಟ್ಟು ಎದ್ದು ಹೋಗ್ತಾರೆ. ಅವರ ಮನೆಗೆ ಹೋಗಿ ನೀನೇ ಹೇಳು, ಬಿಡ್ರಪ್ಪಾ ಒಂದು ಬೆಳೆ ಅಂತ."

ಮಾತು ಸುಳ್ಳಾಗಿರಲಿಲ್ಲ. ಆ ಬಯಲಿನಲ್ಲೇ ಬೆಳೆದವಳಿಗೆ ಅದು ಗೊತ್ತಿಲ್ಲವೇ? ಆದರೂ ಅಂದಳು: "ಏರಿ ಹೋದ್ರೆ ಎಲ್ಲ ಬೆಳೆನೂ ಹೋಗುತ್ತೆ. ನಾವು ಹೋಗಿರ್ತೀವಿ, ನಿಮ್ಮ ಕೆರೆನೂ ಹೋಗಿರುತ್ತೆ."

"ಹೋದ್ರೆ ತಾನೇ!" ತಮ್ಮ ಪಂಪಿನ ಕೊಳವೆಯನ್ನು ನೆಲಕ್ಕೆ ಬಡಿದ. "ಅಪ್ಪ ಇದ್ದಿದ್ರೆ ನಿನ್ನ ಮಾತು ಕೇಳಿ ಏನಂತಿದ್ರೋ. ಬೀದಿಗೆ ಹೋದ ಮೇಲೆ ನೀನು ಬೀದಿಯೋಳೇ ಆಗಿಬಿಟ್ಟೆ."

"ಹೌದು, ಆದೆ. ಕೊಟ್ಟೋರು ನೀವೇ ಅಲ್ವಾ?"

ಅಮ್ಮ ಮೊರ ಕೆಳಗಿಟ್ಟಳು. "ಎರಡೂ ನನ್ನ ಹೊಟ್ಟೇಲೇ ಹುಟ್ಟಿದ್ದು. ಇಷ್ಟು ಮೊಂಡುತನ ಯಾರಿಂದ ಬಂತೋ ಕಾಣೆ" ಅಂದಳು. ಇಬ್ಬರೂ ಅವಳ ಮುಖ ನೋಡಿದರು. ಅದು ಯಾರಿಂದ ಬಂತು ಅಂತ ಊರಿಗೇ ಗೊತ್ತಿತ್ತು.

ರಸ್ಕಿನ ಚೀಲವನ್ನು ಜಗಲಿಯ ಮೇಲೆ ಇಟ್ಟು ಅಕ್ಕ ವಾಪಸು ಬಂದಳು.

ಬೀದಿಯಲ್ಲಿ ಬೇರೆಯೇ ಗದ್ದಲ. ಎಂಜಿನಿಯರ್ ಎಲ್ಲರ ಗೋಡೆಗೂ ಗೆರೆ ಎಳೆದು ಹೋಗಿದ್ದಳು. ಪಕ್ಕದ ಲಾಡ್ಜಿನವನು ಸಂಜೆಯೊಳಗೇ ಸುಣ್ಣ ಬಳಿಸಿದ. ಇದನ್ನು ನೋಡಿದರೆ ಯಾವ ಗಿರಾಕಿ ರೂಮು ತಗೊಳ್ತಾನೆ ಅಂತ ಅವನ ಕೂಗು. ಟೈಲರ್ ಗೆರೆಯ ಮೇಲೆ ಕ್ಯಾಲೆಂಡರ್ ತೂಗುಹಾಕಿದ. ವಾರ ಕಳೆಯುವುದರೊಳಗೆ ಪುರಸಭೆಯಿಂದಲೂ ಒಬ್ಬ ಬಂದು, ಜನ ಗಾಬರಿಯಾಗುತ್ತಾರೆ, ಎಲ್ಲರೂ ಅಳಿಸಿ ಅಂದ.

"ಗಾಬರಿ ಆಗ್ಲಿ ಅಂತಲೇ ಅಲ್ವಾ ಬಳಿದಿರೋದು?" ಅಂದಳು ಅಕ್ಕ.

"ಮೇಲಿನಿಂದ ಹೇಳಿದ್ದಾರಮ್ಮಾ."

"ನೀರೂ ಮೇಲಿನಿಂದಲೇ ಬರೋದು."

ಅವನು ಹೋದ ಮೇಲೆ ಅವಳು ಹಾರ್ಡ್‌ವೇರ್ ಅಂಗಡಿಯಿಂದ ಕೆಂಪು ಬಣ್ಣ ತಂದಳು. ಗಂಡನನ್ನು ಏಣಿ ಹತ್ತಿಸಿ ಗಡಿಯಾರದ ಪಕ್ಕದ ಗೆರೆಯನ್ನು ಅಂಗಡಿಯ ನಾಲ್ಕೂ ಗೋಡೆಗೆ ಎಳೆಸಿದಳು, ಆಮೇಲೆ ಹೊರಗಿನ ಗೋಡೆಗೂ. "ಇನ್ನೂ ಸ್ವಲ್ಪ ಬಣ್ಣ ಉಳಿದಿದೆ, ನನ್ನ ತಲೆಗೂ ಬಳೀಲಾ?" ಅಂದ ಗಂಡ. "ನಿಮ್ಮ ತಲೆ ಗೆರೆಗಿಂತ ಕೆಳಗಿದೆ, ವ್ಯರ್ಥ" ಅಂದಳು. ಲಾಡ್ಜಿನವನು ಬಂದು ಕೂಗಾಡಿದ. ಅವನ ಕೈಗೆ ಒಂದು ಬನ್ನು ಕೊಟ್ಟು, "ಅಳಿಸಿದ್ರೆ ನೀರು ಕಡಿಮೆ ಬರುತ್ತಾ? ಹಾಗಿದ್ರೆ ಹೇಳು, ನಾನೂ ಅಳಿಸ್ತೀನಿ" ಅಂದಳು. ಅವನು ಬನ್ನು ತಿಂದು ಹೋದ. ಟೈಲರನ ಹೆಂಡತಿ ಮಾರನೆಯ ದಿನ ತಾನಾಗಿ ಕ್ಯಾಲೆಂಡರ್ ತೆಗೆದುಹಾಕಿದಳು.

ಆ ವರ್ಷದ ಮಳೆ ಮುಗಿಯುತ್ತ ಬಂದಾಗ ಕೆರೆ ತುಂಬಿತು. ಬಯಲಿನವರು ಪ್ರತಿ ವರ್ಷ ಮಾಡುವ ಕೆಲಸವನ್ನೇ ಮಾಡಿದರು. ಕೋಡಿಯ ಕಲ್ಲಿನ ಮೇಲೆ ಮರಳು ತುಂಬಿದ ಚೀಲಗಳನ್ನು ಸಾಲಾಗಿ ಜೋಡಿಸಿ, ಹೊರಗೆ ಹರಿದು ಹೋಗುವ ನೀರನ್ನು ಕೆರೆಯಲ್ಲೇ ನಿಲ್ಲಿಸಿಕೊಂಡರು. ಹಾಗೆ ಉಳಿಸಿಕೊಂಡ ನೀರೇ ಕೊನೆಯ ಗದ್ದೆಯವರೆಗೂ ತಲುಪುವುದು. ಈ ಸಲ ಚೀಲಗಳು ಒಂದರ ಮೇಲೊಂದು ಎರಡು ಸಾಲು. ಎಂಜಿನಿಯರ್ ಹೋಗಿ ತೆಗೆಸಿದಳು. ಅವರು ಮತ್ತೆ ಇಟ್ಟರು. ಅವಳ ಮೇಲಧಿಕಾರಿ ಫೋನು ಮಾಡಿ, ರೈತರನ್ನು ಕೆಣಕಬೇಡಿ ಅಂದನಂತೆ.

ಹವಾಮಾನದವರು ಇನ್ನೊಂದು ಮಳೆ ಬರುತ್ತದೆ ಅಂದ ದಿನ ಅಕ್ಕ ಅಂಗಡಿಯ ಬಾಗಿಲಲ್ಲಿ ನಿಂತು ಏರಿಯ ಕಡೆ ನೋಡಿದಳು. ಆಕಾಶ ಬೂದಿ ಬಣ್ಣಕ್ಕೆ ತಿರುಗಿತ್ತು. ಅವಳು ಒಳಗೆ ಹೋಗಿ ಬ್ರೆಡ್ಡು ಕೊಯ್ಯುವ ಉದ್ದನೆಯ ಹಲ್ಲಿನ ಚಾಕು ತೆಗೆದುಕೊಂಡಳು.

"ಎಲ್ಲಿಗೇ?" ಅಂದ ಗಂಡ.

"ಕೋಡಿಗೆ."

ಅವನು ಅವಳ ಕೈ ನೋಡಿದ, ಮುಖ ನೋಡಿದ. ಹಿಟ್ಟಿನ ಕೈ ಒರೆಸಿಕೊಂಡು, "ತಡಿ, ಅದು ಮೊಂಡಾಗಿದೆ, ಹೊಸದು ತಗೋ" ಅಂದ.

ಅವಳು ಬೀದಿಯ ನಡುವೆ ಚಾಕು ಹಿಡಿದು ನಡೆದಳು. ಎಲ್ಲಿಗೆ ಅಂತ ಕೇಳಿದವರಿಗೆಲ್ಲ ಹೇಳಿದಳು, ಮುಚ್ಚಿಡಲಿಲ್ಲ. ಟೈಲರನ ಹೆಂಡತಿ ಕತ್ತರಿ ಹಿಡಿದು ಹೊರಟಳು. ಮೀನು ಮಾರುವವಳು ತನ್ನ ಕತ್ತಿ ತಂದಳು. ಲಾಂಡ್ರಿಯ ಅಜ್ಜಿ ಬರಿಗೈಯಲ್ಲೇ ಬಂದಳು, "ನಾನು ಬೈಯ್ಯೋಕೆ ಬರ್ತೀನಿ" ಅಂತ. ಕೋಡಿ ತಲುಪುವ ಹೊತ್ತಿಗೆ ಹೆಂಗಸರ ಒಂದು ದಂಡೇ ಆಗಿತ್ತು.

ಬಯಲಿಗೂ ಸುದ್ದಿ ಮುಟ್ಟಿತ್ತು. ತಮ್ಮ ಮೋಟರ್ ಸೈಕಲ್ ಬಿಟ್ಟುಕೊಂಡು ಏರಿಯ ಮೇಲಿಂದ ಬಂದ, ಹಿಂದೆ ನಾಲ್ಕಾರು ರೈತರು. ಅಕ್ಕ ಆಗಲೇ ಸೀರೆ ಎತ್ತಿ ಕಟ್ಟಿ, ಪಾದ ಮುಳುಗುವಷ್ಟು ನೀರಿನಲ್ಲಿ ಕಲ್ಲಿನ ಮೇಲೆ ನಿಂತು, ಮೊದಲ ಚೀಲದ ಹೊಟ್ಟೆಗೆ ಚಾಕು ಹಾಕಿದ್ದಳು. ಮರಳು ಸುರ್ರನೆ ಸುರಿದು ನೀರಿನ ಪಾಲಾಯಿತು.

"ಅಕ್ಕಾ, ನಿಲ್ಲಿಸು!"

ಅವಳು ಎರಡನೆಯದನ್ನು ಸೀಳಿದಳು.

ತಮ್ಮ ಓಡಿ ಬಂದು ಚೀಲಗಳ ಸಾಲಿನ ಮೇಲೇ ಹತ್ತಿ ನಿಂತ. "ಹಾಕು, ನನ್ನ ಕಾಲಿಗೇ ಹಾಕು ನೋಡೋಣ! ಇದು ಕುಡಿಯೋ ಮಕ್ಕಳ ಬಾಯಿಂದ ಹಾಲು ಕಿತ್ತ ಹಾಗೆ. ಒಂದೊಂದು ಚೀಲದ ಹಿಂದೆ ಒಂದೊಂದು ಗದ್ದೆ ಇದೆ."

"ಒಂದೊಂದು ಚೀಲದ ಮುಂದೆ ಒಂದೊಂದು ಮನೆ ಇದೆ" ಅಂದಳು ಅಕ್ಕ. "ಇಳಿ."

"ಇಳಿಯಲ್ಲ."

"ಇಳೀಬೇಡ." ಅವಳು ಬಗ್ಗಿ ಅವನ ಕಾಲ ಕೆಳಗಿನ ಚೀಲವನ್ನು ಉದ್ದಕ್ಕೆ ಸೀಳಿದಳು. ಮರಳು ಜಾರಿತು, ಅದರ ಜೊತೆಗೆ ಅಧ್ಯಕ್ಷನೂ ಜಾರಿ ನೀರಿನಲ್ಲಿ ದೊಪ್ಪನೆ ಕುಳಿತ. ದಂಡೆಯ ಮೇಲಿದ್ದ ಹೆಂಗಸರು ಗೊಳ್ಳೆಂದು ನಕ್ಕರು. ಅವನ ಜೊತೆ ಬಂದ ರೈತರಲ್ಲೂ ಒಬ್ಬ ಮುಖ ತಿರುಗಿಸಿ ನಕ್ಕ. ಬಿದ್ದದ್ದಕ್ಕಿಂತ ಆ ನಗು ಅವನಿಗೆ ಹೆಚ್ಚು ನೋವು ಮಾಡಿತು. ಅಕ್ಕ ಕೈ ಚಾಚಿದಳು. ಅವನು ಹಿಡಿಯಲಿಲ್ಲ. ತಾನೇ ಎದ್ದು, ಒದ್ದೆ ಬಟ್ಟೆಯಲ್ಲೇ ಸೀದಾ ಪೊಲೀಸ್ ಠಾಣೆಗೆ ಹೋದ.

ಹೆಂಗಸರು ಒಂದೂ ಚೀಲ ಉಳಿಸದೆ ಸೀಳಿ ಹಾಕಿದರು. ಕೆರೆಯ ನೀರು ಕೋಡಿಯ ತುಂಬ ಹರಡಿಕೊಂಡು ಹಳ್ಳಕ್ಕೆ ಬಿತ್ತು. ರಾತ್ರಿ ಮಳೆ ಬಂತು, ಸಾಧಾರಣ ಮಳೆ. ಏನೂ ಆಗಲಿಲ್ಲ.

ಏನೂ ಆಗದಿದ್ದದ್ದೇ ಅವಳಿಗೆ ಮುಳುವಾಯಿತು. ಬಾರದ ದೊಡ್ಡ ಮಳೆಗೆ ಹೆದರಿ ನೀರು ಪೋಲು ಮಾಡಿದಳು ಅಂತ ಬಯಲಿನಲ್ಲಿ ಮಾತು ಹಬ್ಬಿತು. ಅಲ್ಲಿಂದ ಬೇಕರಿಗೆ ಬರುವ ಗಿರಾಕಿಗಳು ನಿಂತರು. ಇನ್ಸ್‌ಪೆಕ್ಟರ್ ಅವಳನ್ನು ಕರೆಸಿ, ಸಂಘದ ಸೊತ್ತು ಹಾಳು ಮಾಡಿದ್ದಕ್ಕೆ ಕೇಸಾಗಿದೆ ಅಂದ. ಒಳ್ಳೆಯ ಮನುಷ್ಯ, ಅವಳ ಬ್ರೆಡ್ಡು ತಿನ್ನಿಸಿಯೇ ಮಕ್ಕಳನ್ನು ಬೆಳೆಸಿದವನು. "ತಪ್ಪಾಯ್ತು ಅಂತ ಒಂದು ಮಾತು ಹೇಳಿ, ಇಲ್ಲಿಗೇ ಮುಗಿಸಿಬಿಡ್ತೀನಿ. ನಿಮ್ಮ ತಮ್ಮನೂ ಅಷ್ಟಕ್ಕೇ ಒಪ್ಪಿದ್ದಾನೆ."

"ತಪ್ಪಾಗಿಲ್ವಲ್ಲ."

"ಕೋರ್ಟಿಗೆ ಹೋಗ್ಬೇಕಾಗುತ್ತೆ ಅಕ್ಕಾ."

"ಕೋರ್ಟು ಎಲ್ಲಿದೆ ಅಂತ ನನಗೆ ಗೊತ್ತು. ಅವರ ಕ್ಯಾಂಟೀನಿಗೆ ಬನ್ನು ಕೊಡೋದೇ ನಾವು."

ಇಷ್ಟು ಧೈರ್ಯವಾಗಿ ಹೇಳಿ ಬಂದರೂ ಆ ಸಂಜೆ ಅವಳು ಗಿರಾಕಿಗಳ ಚಿಲ್ಲರೆಯನ್ನು ಎರಡೆರಡು ಸಲ ತಪ್ಪು ಎಣಿಸಿದಳು. ಒಡಹುಟ್ಟಿದವನೇ ಕೇಸು ಹಾಕಿದ್ದ. ಅಂಗಡಿ ಮುಚ್ಚುವ ಹೊತ್ತಿಗೆ ಎಂಜಿನಿಯರ್ ಬ್ರೆಡ್ಡು ಕೊಳ್ಳಲು ಬಂದಳು. ಯಾರೂ ಇಲ್ಲದ್ದು ನೋಡಿ ಮೆಲ್ಲಗೆ ಹೇಳಿದಳು: "ಏರಿಯ ವಿಷಯ ಯಾರ ಹತ್ರವೂ ಮಾತಾಡ್ಬಾರದು ಅಂತ ನನಗೆ ಆರ್ಡರ್ ಬಂದಿದೆ. ಪತ್ರಿಕೆಯವರ ಹತ್ರವೂ ಕೂಡದು, ನಿಮ್ಮ ಹತ್ರವೂ ಕೂಡದು."

"ಮತ್ತೆ ಈಗ ಮಾತಾಡ್ತಿದ್ದೀಯಲ್ಲ ತಾಯಿ?"

"ಬ್ರೆಡ್ಡು ಕೇಳ್ತಿದ್ದೀನಿ." ಹುಡುಗಿ ನಗಲಿಲ್ಲ. "ಆದ್ರೆ ಕೋರ್ಟಲ್ಲಿ ಪ್ರಮಾಣ ಮಾಡಿಸಿ ಕೇಳಿದ್ರೆ ನಾನು ಸುಳ್ಳು ಹೇಳಲ್ಲ. ಅಲ್ಲಿ ಕೇಳಿದ್ದಕ್ಕೆ ಉತ್ತರ ಕೊಡಬೇಡ ಅನ್ನೋ ಅಧಿಕಾರ ಯಾರಿಗೂ ಇಲ್ಲ."

ಅಕ್ಕನ ಕಿವಿ ನೆಟ್ಟಗಾಯಿತು. ಅವತ್ತಿನಿಂದ ಕೇಸು ಅವಳಿಗೆ ಭಾರವಾಗಿ ಕಾಣಲಿಲ್ಲ. ಬೀದಿಯಲ್ಲೇ ಇದ್ದ ಒಬ್ಬ ವಕೀಲನನ್ನು ಹಿಡಿದು, "ನೀನು ನನ್ನನ್ನ ಬಿಡಿಸೋದೇನೂ ಬೇಡ. ಆ ಹುಡುಗಿಯನ್ನ ಕರೆಸಿ ಎರಡು ಮಾತು ಕೇಳು, ಸಾಕು" ಅಂದಳು. ಇಂಥ ಕಕ್ಷಿದಾರಳನ್ನು ಅವನು ಅದುವರೆಗೆ ಕಂಡಿರಲಿಲ್ಲ.

ವಿಚಾರಣೆಗೆ ಸ್ವಲ್ಪ ಮುಂಚೆ ತಮ್ಮ ಅಂಗಡಿಗೆ ಬಂದ. ಒಳಗೆ ಬರಲಿಲ್ಲ, ಮೆಟ್ಟಿಲ ಮೇಲೇ ನಿಂತ. ಅಮ್ಮ ಮೂರು ದಿನದಿಂದ ಅವನ ಜೊತೆ ಮಾತು ಬಿಟ್ಟಿದ್ದಳಂತೆ. "ಕೇಸು ವಾಪಸ್ ತಗೋತೀನಿ. ಆಗಿದ್ದು ಆಯ್ತು. ಅಕ್ಕನ್ನ ಕಟಕಟೆ ಹತ್ತಿಸಿದೆ ಅಂತ ಜನ ಆಡ್ಕೊಳ್ಳೋದು ಬೇಡ."

"ವಾಪಸ್ ತಗೊಂಡ್ರೆ ಜೋಕೆ" ಅಂದಳು ಅಕ್ಕ.

"ಏನು?"

"ಹಾಕಿದ್ದೀಯ, ನಡೆಸು. ವಾಪಸ್ ತಗೊಂಡೆ ಅಂದ್ರೆ ಮತ್ತೆ ಹೋಗಿ ಚೀಲ ಸೀಳ್ತೀನಿ, ಮತ್ತೆ ಕೇಸು ಹಾಕ್ಬೇಕಾಗುತ್ತೆ. ಯಾಕೆ ಎರಡೆರಡು ಸಲ ಓಡಾಟ?"

ತಮ್ಮನಿಗೆ ತಲೆಬುಡ ಅರ್ಥವಾಗಲಿಲ್ಲ. ಭಾವನ ಮುಖ ನೋಡಿದ. ಭಾವ ಭಟ್ಟಿಯೊಳಗೆ ಟ್ರೇ ತಳ್ಳುತ್ತ, "ನನ್ನ ಕಡೆ ನೋಡ್ಬೇಡ ಮಾರಾಯ. ಇಪ್ಪತ್ತೈದು ವರ್ಷ ಆಯ್ತು, ಇವಳು ಆಡಿದ್ದನ್ನ ವಾಪಸ್ ತಗೊಂಡಿದ್ದು ನಾನು ನೋಡಿಲ್ಲ" ಅಂದ.

ಕೋರ್ಟಿನ ಕೋಣೆ ಸಣ್ಣದು. ಒಂದು ಕಡೆ ಬಯಲು, ಇನ್ನೊಂದು ಕಡೆ ಬೀದಿ. ಅಮ್ಮ ಯಾವ ಕಡೆಯೂ ಕೂರದೆ ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತಳು. ನ್ಯಾಯಾಧೀಶರು, ಚೀಲ ಸೀಳಿದ್ದು ಹೌದಾ ಅಂತ ಕೇಳಿದರು. "ಹೌದು ಸ್ವಾಮಿ, ಒಂದೂ ಬಿಡದೆ" ಅಂದಳು ಅಕ್ಕ. ಯಾಕೆ ಅಂತ ಕೇಳಿದಾಗ, "ಅದನ್ನ ಆ ಎಂಜಿನಿಯರ್ ಮೇಡಂನ ಕೇಳಿ" ಅಂದಳು.

ವಕೀಲ ಅವಳನ್ನು ಸಾಕ್ಷಿಗೆ ಕರೆಸಿದ. ಎಂಜಿನಿಯರ್ ಪ್ರಮಾಣ ಮಾಡಿ ನಿಂತಳು. ಹಿಂದಿನ ಬೆಂಚಿನಲ್ಲಿ ಅವಳ ಮೇಲಧಿಕಾರಿ ಕೂತಿದ್ದ. ಅವಳು ಆ ಕಡೆ ನೋಡಲಿಲ್ಲ.

"ಕೋಡಿಯ ಮೇಲೆ ಚೀಲ ಇಡೋದಕ್ಕೆ ಇಲಾಖೆಯ ಅನುಮತಿ ಇದೆಯಾ?"

"ಇಲ್ಲ."

"ಚೀಲ ಇಲ್ಲದಿದ್ರೆ ಆ ಕೆರೆ ಸುರಕ್ಷಿತವಾಗಿದೆಯಾ?"

"ಇಲ್ಲ" ಅಂದಳು ಹುಡುಗಿ. "ದೊಡ್ಡ ಮಳೆ ಬಂದರೆ ಈಗಿನ ಕೋಡಿ ಸಾಲದು. ನೀರು ಏರಿಯ ಮೇಲೆ ಹತ್ತುತ್ತೆ, ಏರಿ ಉಳಿಯಲ್ಲ. ನಾವು ಇದನ್ನ ಬರೆದು ಕಳಿಸಿ ವರ್ಷಗಳಾದವು. ಕೆಳಗಿನ ಬೀದಿಯವರಿಗೆ ಓಡೋದಕ್ಕೂ ಸಮಯ ಸಿಗಲ್ಲ."

ಬಯಲಿನ ಕಡೆಯಿಂದ ಯಾರೋ ಏನೋ ಕೂಗಿದರು. ನ್ಯಾಯಾಧೀಶರು ಮೇಜು ತಟ್ಟಿದರು. ತಮ್ಮ ತಲೆ ತಗ್ಗಿಸಿಕೊಂಡು ತನ್ನ ಅಂಗೈ ನೋಡುತ್ತಿದ್ದ. ಇಷ್ಟು ದಿನ ಅದು ಗೋಡೆಯ ಮೇಲಿನ ಬಣ್ಣವಾಗಿತ್ತು, ಇಲಾಖೆಯ ಬೆದರಿಕೆಯಾಗಿತ್ತು. ಅಧಿಕಾರಿಯೊಬ್ಬಳು ನೌಕರಿಯನ್ನು ಪಣಕ್ಕಿಟ್ಟು ಎಲ್ಲರೆದುರು ಹೇಳಿದಾಗ ಅದರ ತೂಕವೇ ಬೇರೆ.

ತೀರ್ಪು ಪೂರ್ತಿಯಾಗಿ ಯಾರ ಕಡೆಗೂ ಆಗಲಿಲ್ಲ. ಚೀಲ ಸಂಘದ್ದು, ಸೀಳಿದ್ದು ತಪ್ಪು, ಅದಕ್ಕೆ ಸಣ್ಣದೊಂದು ದಂಡ ಅಂದರು ನ್ಯಾಯಾಧೀಶರು. ಎಂಜಿನಿಯರ್ ಹೇಳಿಕೆಯನ್ನು ಮೇಲಿನ ಕೋರ್ಟಿಗೂ ಸರ್ಕಾರಕ್ಕೂ ಕಳಿಸಲು ಆಜ್ಞೆ ಮಾಡಿದರು.

"ಏನಾದರೂ ಹೇಳೋದಿದೆಯಾ?" ಅಂತ ಕೊನೆಗೆ ಅಕ್ಕನನ್ನು ಕೇಳಿದರು.

"ದಂಡ ಕಟ್ತೀನಿ ಸ್ವಾಮಿ. ಮತ್ತೆ ಇಟ್ಟರೆ ಮತ್ತೆ ಸೀಳ್ತೀನಿ."

ನ್ಯಾಯಾಧೀಶರು ಕನ್ನಡಕ ತೆಗೆದು ಒರೆಸಿಕೊಂಡರು. "ಇದು ನನಗೆ ಕೇಳಿಸಲಿಲ್ಲ" ಅಂದರು.

ಮಾರನೆಯ ದಿನ ಪತ್ರಿಕೆಗಳಲ್ಲೆಲ್ಲ ಏರಿಯ ಸುದ್ದಿ. ಎಂಜಿನಿಯರ್‌ಗೆ ವರ್ಗದ ಆದೇಶ ಬಂತು. ಬೀದಿಯವರೆಲ್ಲ ಹೋಗಿ ಇಲಾಖೆಯ ಕಚೇರಿಯ ಮೆಟ್ಟಿಲ ಮೇಲೆ ಕೂತರು, ಅಕ್ಕ ದಿನವೂ ಬುಟ್ಟಿಗಟ್ಟಲೆ ಬನ್ನು ಹೊರಿಸಿಕೊಂಡು ಬಂದು ಕೂತವರಿಗೆಲ್ಲ ಹಂಚಿದಳು. ಆದೇಶ ಹಾಗೇ ವಾಪಸು ಹೋಯಿತು. ಮೇಲಿನ ಕೋರ್ಟು, ಕೆಲಸ ಮುಗಿಯುವವರೆಗೆ ಕೆರೆ ತುಂಬಿಸಕೂಡದು ಅಂದಿತು.

ಬಯಲಿನವರಿಗೆ ಆ ವರ್ಷ ಬೆಳೆ ಹೋಯಿತು. ಸರ್ಕಾರ ಪರಿಹಾರ ಕೊಟ್ಟಿತು, ಕೊಡಬೇಕಾದಷ್ಟು ಅಲ್ಲ. ಕೆಲವರು ಕೆರೆಯ ಕೆಲಸಕ್ಕೇ ಕೂಲಿಗೆ ಬಂದರು. ಖಾಲಿ ಕೆರೆಯ ಒಡಲಲ್ಲಿ ಲಾರಿಗಳು ಓಡಾಡಿದವು. ಹಳೆಯ ಕೋಡಿಯ ಕಲ್ಲುಗಳನ್ನು ಕಿತ್ತರು. ಅದರ ಜಾಗದಲ್ಲಿ ಕಬ್ಬಿಣದ ಸರಳುಗಳು ಎದ್ದವು, ಕಾಂಕ್ರೀಟು ಸುರಿದರು. ಏರಿಗೆ ಹೊಸ ಮಣ್ಣು ಹಾಕಿ ರೋಲರ್ ಓಡಿಸಿ ಗಟ್ಟಿ ಮಾಡಿದರು.

ಒಂದು ದಿನ ಎಂಜಿನಿಯರ್ ಬಂದು ಅಕ್ಕನ ಎದುರು ನಿಂತಳು. ಈ ಸಲ ಬಣ್ಣದ ಡಬ್ಬಿ ಇರಲಿಲ್ಲ, ಮುಖದಲ್ಲಿ ಕಳೆಯೂ ಇರಲಿಲ್ಲ. "ಹೊಸ ಕೋಡಿಯಿಂದ ಬರೋ ನೀರಿಗೆ ಹಳ್ಳ ಸಾಲಲ್ಲ. ಅದನ್ನ ಅಗಲ ಮಾಡ್ಬೇಕು. ಎಷ್ಟು ತಿರುಗಿಸಿ ನೋಡಿದ್ರೂ ನಿಮ್ಮ ಭಟ್ಟಿಮನೆ ಅಡ್ಡ ಬರ್ತಿದೆ."

ಅಂಗಡಿಯ ಹಿಂದಿನ ಭಟ್ಟಿಮನೆ. ಮಾವ ಕೈಯಾರೆ ಇಟ್ಟಿಗೆ ಜೋಡಿಸಿ ಕಟ್ಟಿದ್ದು. ಅದರ ಕಾವು ಒಂದು ದಿನವೂ ಪೂರ್ತಿ ಆರಿದ್ದಿಲ್ಲ. ಗಂಡ ಒಳಗೆ ಹೋದ. ಅಕ್ಕ ಗಲ್ಲಾದ ಹಿಂದೆ ಕೂತಳು. ಕಣ್ಣಲ್ಲಿ ಬಂದ ನೀರನ್ನು ಸೆರಗಿನಿಂದ ಒತ್ತಿಕೊಂಡು, "ಯಾವತ್ತು ಒಡೀಬೇಕು?" ಅಂದಳು.

ಭಟ್ಟಿ ಒಡೆಯುವ ದಿನ ಗುತ್ತಿಗೆದಾರನ ಯಂತ್ರ ಬಂದು ನಿಂತಿತು. ಬೀದಿಯವರು ಸುತ್ತ ಸೇರಿದರು. ಗುಂಪಿನ ಹಿಂದೆ ತಮ್ಮ ನಿಂತಿದ್ದ. ಕೋರ್ಟಿನ ದಿನದಿಂದ ಇಬ್ಬರೂ ಮಾತಾಡಿರಲಿಲ್ಲ. ಅವನು ಮುಂದೆ ಬಂದ. ಮಾತಿನಲ್ಲಿ ಕೊಂಕಿತ್ತೋ ಮರುಕವಿತ್ತೋ ಅವನಿಗೂ ತಿಳಿದಿರಲಿಕ್ಕಿಲ್ಲ. "ಈಗ ಗೊತ್ತಾಯ್ತಾ ಅಕ್ಕಾ, ಬಿಟ್ಟುಕೊಡೋದು ಅಂದ್ರೆ ಏನು ಅಂತ?"

"ಗೊತ್ತಾಯ್ತು" ಅಂದಳು ಅವಳು. "ನೀನು ಅವತ್ತು ಹೇಳಿದಾಗ ಇಷ್ಟು ಗೊತ್ತಾಗಿರಲಿಲ್ಲ. ಹೊಟ್ಟೆ ಉರೀತಿದೆ." ಕೆಲಸದವನ ಕೈಯಿಂದ ಸುತ್ತಿಗೆ ತೆಗೆದುಕೊಂಡಳು. "ಆದ್ರೂ ಒಡೀತೀನಿ."

ಮೊದಲ ಏಟು ಅವಳೇ ಹಾಕಿದಳು. ಭಟ್ಟಿಯ ಬಾಯಿಯ ಕಮಾನು ಕುಸಿಯಿತು, ಒಳಗಿನ ಬೂದಿ ಎದ್ದು ಅವಳ ಕೂದಲ ಮೇಲೆ ಕೂತಿತು. ಎರಡನೆಯ ಏಟಿಗೆ ಗಂಡ ಬಂದು ಹಿಡಿಕೆಗೆ ಕೈ ಕೊಟ್ಟ. ತಮ್ಮ ಅಲ್ಲಿಂದ ಹೋಗಲಿಲ್ಲ. ಯಂತ್ರ ಉಳಿದದ್ದನ್ನು ಮುಗಿಸಿದ ಮೇಲೆ, ಬಿದ್ದ ಇಟ್ಟಿಗೆಗಳಲ್ಲಿ ಗಟ್ಟಿಯಾಗಿದ್ದವನ್ನು ಆರಿಸಿ ಒಂದು ಕಡೆ ಪೇರಿಸಿಟ್ಟ.

ಬೇಕರಿಯವರು ರಸ್ತೆಯಾಚೆ ಬಾಡಿಗೆಗೆ ಜಾಗ ಹಿಡಿದು ಹೊಸ ಭಟ್ಟಿ ಹಾಕಿದರು. ಅದು ಪಳಗುವವರೆಗೆ ಬ್ರೆಡ್ಡು ಒಂದು ಕಡೆ ಸೀದು ಇನ್ನೊಂದು ಕಡೆ ಹಸಿಯಾಗಿ ಬರುತ್ತಿತ್ತು. ಗಿರಾಕಿಗಳು ಬೈದುಕೊಂಡೇ ಕೊಂಡರು.

ಮಳೆಗಾಲ ಬಂತು. ಕೆರೆ ತುಂಬಿತು. ಹೊಸ ಕೋಡಿಯ ಮೇಲೆ ನೀರು ತೆಳ್ಳಗೆ ಹರಿದು ಅಗಲವಾದ ಹಳ್ಳದ ತಳದಲ್ಲಿ ಸಾಗಿತು. ಪ್ರಳಯವೇನೂ ಬರಲಿಲ್ಲ. ಬಯಲಿನ ಒಬ್ಬ ಹಿರಿಯ ರೈತ, ಬಹಳ ದಿನಗಳ ಮೇಲೆ ಬೇಕರಿಗೆ ಬಂದವನು, ಎಲ್ಲರಿಗೂ ಕೇಳುವ ಹಾಗೆ, "ಎಲ್ಲಿ ಹೋಯ್ತಮ್ಮಾ ನಿನ್ನ ಪ್ರಳಯ? ಇಷ್ಟು ನೀರಿಗೆ ಅಷ್ಟು ದೊಡ್ಡ ಬಾಗಿಲಾ?" ಅಂದ.

"ಬರಲಿಲ್ಲ ಅಂತ ಬೇಜಾರಾ?" ಅಂದಳು ಅಕ್ಕ. "ಬರದೇ ಇರ್ಲಿ. ಬಂದ್ರೂ ಬರ್ಲಿ. ನಾನು ಅಂಗಡಿ ತೆಗೆದಿರ್ತೀನಿ. ಬನ್ನು ಬೇಕಾ?"

ಹೊಸ ಕೋಡಿಗೆ ಗೇಟುಗಳಿದ್ದವು. ಅವನ್ನು ಯಾವಾಗ ಎತ್ತಬೇಕು, ಕೆರೆಯಲ್ಲಿ ಎಷ್ಟು ನೀರು ನಿಲ್ಲಿಸಬೇಕು ಅಂತ ತೀರ್ಮಾನಿಸುವುದಕ್ಕೆ ಇಲಾಖೆಯವರು ಬಯಲಿನ ಸಂಘದ ಸಭೆ ಕರೆದರು. ಸಂಘದ ನಿಯಮ ಹಳೆಯದು. ಕಾಲುವೆಯ ನೀರು ಕಟ್ಟುವ ಗದ್ದೆ ಇದ್ದವರು ಮಾತ್ರ ಸದಸ್ಯರು.

ಗೊಬ್ಬರದ ಗೋದಾಮಿನಲ್ಲಿ ಸಭೆ. ಮೇಜಿನ ಸುತ್ತ ರೈತರು, ಒಂದು ತುದಿಯಲ್ಲಿ ಎಂಜಿನಿಯರ್, ಇನ್ನೊಂದು ತುದಿಯಲ್ಲಿ ಅಧ್ಯಕ್ಷ. ಬಾಗಿಲು ತೆರೆದು ಅಕ್ಕ ಒಳಗೆ ಬಂದಳು, ಹಿಂದೆ ಟೈಲರನ ಹೆಂಡತಿ, ಮೀನು ಮಾರುವವಳು, ಲಾಂಡ್ರಿಯ ಅಜ್ಜಿ.

"ಇದು ಸದಸ್ಯರ ಸಭೆ" ಅಂದ ಕಾರ್ಯದರ್ಶಿ. "ನಿಮಗೆ ಗದ್ದೆ ಎಲ್ಲಿದೆ?"

"ಗದ್ದೆ ಇಲ್ಲ. ಆ ಗೇಟು ಎತ್ತಿದ್ರೆ ನೀರು ಬರೋದು ನಮ್ಮ ಬಾಗಿಲಿಗೆ. ನೀರು ಕಟ್ಟೋರಿಗೆ ಕುರ್ಚಿ ಇದ್ರೆ ನೀರಲ್ಲಿ ಮುಳುಗೋರಿಗೂ ಕುರ್ಚಿ ಬೇಕು."

"ನಿಯಮದಲ್ಲಿ ಇಲ್ಲ."

"ಹಾಗಿದ್ರೆ ಮೊದಲು ನಿಯಮ ಬದಲಾಯಿಸಿ, ಆಮೇಲೆ ಗೇಟಿನ ಮಾತು. ಅಲ್ಲಿವರೆಗೆ ನಾವು ಇಲ್ಲೇ ಇರ್ತೀವಿ."

ಗೋಡೆಗೆ ಒರಗಿಸಿದ್ದ ಮಡಚುವ ಕುರ್ಚಿಗಳಲ್ಲಿ ಒಂದನ್ನು ಅವಳು ಎಳೆದಳು. ಕಾಲು ತುಕ್ಕು ಹಿಡಿದು ಬಿಗಿದುಕೊಂಡಿತ್ತು, ಬಿಡಿಸಲು ಬರಲಿಲ್ಲ. ರೈತರು ನೋಡುತ್ತ ಕೂತರು, ಯಾರೂ ಏಳಲಿಲ್ಲ. ಅವಳು ಕುರ್ಚಿಯನ್ನು ನೆಲಕ್ಕೆ ಒಂದು ಬಾರಿ ಬಲವಾಗಿ ಕುಕ್ಕಿದಳು. ಅದು ತೆರೆದುಕೊಂಡಿತು. ಅದನ್ನು ಮೇಜಿನ ಬಳಿ ಹಾಕಿ, ತಮ್ಮನ ಎದುರು ಕೂತಳು. ಉಳಿದ ಹೆಂಗಸರೂ ಒಂದೊಂದು ಕುರ್ಚಿ ಎಳೆದರು.

ತಮ್ಮ ಅವಳನ್ನೇ ನೋಡಿದ. ಏನೋ ಹೇಳಲು ಬಾಯಿ ತೆರೆದ ಕಾರ್ಯದರ್ಶಿಗೆ ಕೈ ಅಡ್ಡ ಹಿಡಿದ.

"ನಿಂಗೆ ಕುರ್ಚಿ ಕೊಡೋಕೆ ನನಗೆ ಮನಸ್ಸಿಲ್ಲ ಅಕ್ಕಾ" ಅಂದ.

"ನೀನು ಕೊಡೋದು ಬೇಡ. ನಾನು ಕೂತಾಗಿದೆ. ಶುರು ಮಾಡು."